ಕೈ ಆಮೇಲೆ, ಮೊದಲು ಕಾಲು ನೋಡಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿರುವ ಕನ್ನಡದ ಮನೆಗಳಿಂದ ಬಂದಿವೆ, ಅದೂ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಬಗ್ಗೆ. ಆಟ ನೋಡದವರಿಗೆ ಎರಡೇ ಮಾತು: ಇಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವಳು, ತೋಳನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ, ಕೈ ಕೆಳಗಿರುವಾಗಲೇ ಚೆಂಡು ಬಿಡುತ್ತಾಳೆ. ಇದಕ್ಕೆ ವಿಂಡ್‌ಮಿಲ್ ಅಂತ ಹೆಸರು. ಚೆಂಡು ನೆಲಕ್ಕೆ ಪುಟಿಯುವ ಹಾಗಿಲ್ಲ, ನೇರ ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಕೈಗೆ ಹೋಗಬೇಕು.

ಪ್ರಶ್ನೆ: ಮಗಳಿಗೆ 11 ವರ್ಷ. ಈ ವರ್ಷ 12ಯು (12 ವರ್ಷ ಮತ್ತು ಅದಕ್ಕಿಂತ ಚಿಕ್ಕವರ) ತಂಡಕ್ಕೆ ಬಂದಿದ್ದಾಳೆ. ಹೋದ ವರ್ಷ ಚೆನ್ನಾಗಿಯೇ ಎಸೆಯುತ್ತಿದ್ದಳು. ಈಗ ಒಂದು ಚೆಂಡು ಕ್ಯಾಚರ್ ತಲೆ ಮೇಲೆ ಹೋದರೆ ಇನ್ನೊಂದು ಪ್ಲೇಟ್ (ಬ್ಯಾಟರ್ ಪಕ್ಕ ನೆಲದ ಮೇಲಿರುವ ಹಲಗೆ) ತಲುಪುವ ಮೊದಲೇ ನೆಲಕ್ಕೆ ಬೀಳುತ್ತದೆ. ನಾನು ದಾವಣಗೆರೆಯಲ್ಲಿ ಕಾಲೇಜು ತಂಡಕ್ಕೆ ಬೌಲಿಂಗ್ ಮಾಡಿದವನು. ಕೈ ನೇರ ಇಟ್ಕೋ, ಚೆಂಡು ಬಿಟ್ಟ ಮೇಲೆ ಮೊಣಕೈ ಮೇಲೆತ್ತು ಅಂತ ಹೇಳಿಕೊಡುತ್ತೇನೆ. ಕೋಚ್ ಅದು ಬೇಡ ಅನ್ನುತ್ತಾರೆ. ಯೂಟ್ಯೂಬಲ್ಲಿ ಒಬ್ಬೊಬ್ಬರದು ಒಂದೊಂದು ರಾಗ. ಯಾರ ಮಾತು ಕೇಳಬೇಕು?
(ಒಬ್ಬ ಅಪ್ಪ, ಫ್ರಿಸ್ಕೋ, ಟೆಕ್ಸಸ್)

ಉತ್ತರ: ಕೋಚ್ ಮಾತು ಕೇಳಿ ಸರ್. ಬೇಜಾರು ಮಾಡ್ಕೋಬೇಡಿ, ಕ್ರಿಕೆಟ್ ಆಡಿದ ಅಪ್ಪಂದಿರೆಲ್ಲ ಹೇಳಿಕೊಡುವುದು ಇದನ್ನೇ. ಕ್ರಿಕೆಟ್‌ನಲ್ಲಿ ಬೌಲರ್ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೇರವಾಗುವ ಹಾಗಿಲ್ಲ, ಹಾಗಾಗಿ ಕೈ ಮಡಚಬಾರದು ಅನ್ನುವುದು ನಮ್ಮ ರಕ್ತದಲ್ಲೇ ಇದೆ. ಸಾಫ್ಟ್‌ಬಾಲ್‌ನಲ್ಲಿ ಅಂಥ ನಿಯಮವೇ ಇಲ್ಲ. ಉಲ್ಟಾ, ಆ ಸ್ವಲ್ಪ ಮಡಚಿದ, ಸಡಿಲ ಬಿಟ್ಟ ಮೊಣಕೈಯಿಂದಲೇ ವೇಗ ಬರುವುದು. ಕೈ ಕೋಲಿನ ಹಾಗೆ ಬಿಗಿಯಾದರೆ ಹುಡುಗಿ ಭುಜದ ಬಲದಿಂದ ಚೆಂಡನ್ನು ತಳ್ಳುತ್ತಾಳೆ, ಎಸೆಯುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ನಿಮಗೆ ಹೇಳಿದ ಹಾಗಿಲ್ಲ. 10ಯುನಲ್ಲಿ ಚೆಂಡಿನ ಸುತ್ತಳತೆ 11 ಇಂಚು, ಪಿಚರ್ ನಿಲ್ಲುವ ಜಾಗದಿಂದ ಪ್ಲೇಟ್‌ಗೆ ದೂರ 35 ಅಡಿ. 12ಯುಗೆ ಬಂದ ಕೂಡಲೇ ಚೆಂಡು 12 ಇಂಚು, ದೂರ 40 ಅಡಿ. ಎರಡೂ ಒಟ್ಟಿಗೆ ಬದಲಾಗುತ್ತವೆ. ಕೈ ಮಾತ್ರ ಅದೇ ಪುಟ್ಟ ಕೈ. ಅಷ್ಟು ದೂರ ತಲುಪಿಸಬೇಕಲ್ಲ ಅಂತ ಮಗು ಮೈಯೆಲ್ಲ ಬಿಗಿ ಮಾಡಿ, ಮುಂದಕ್ಕೆ ಬಗ್ಗಿ ಎಸೆಯೋಕೆ ಶುರು ಮಾಡುತ್ತೆ. ಹೋದ ವರ್ಷ ಚೆನ್ನಾಗಿದ್ದವಳು ಈ ವರ್ಷ ಹಾಳಾದಳು ಅನ್ನಿಸುವುದು ಬಹುಪಾಲು ಇದಕ್ಕೇ. ಕೆಲವು ತಿಂಗಳು ಹಿಡಿಯುತ್ತದೆ, ಗಾಬರಿ ಬೇಡ.

ಈಗ ಮೇಲೆ-ಕೆಳಗೆ ಹೋಗುವ ವಿಷಯ. ಚೆಂಡನ್ನು ತಡವಾಗಿ ಬಿಟ್ಟರೆ ಮೇಲೆ ಹೋಗುತ್ತದೆ, ಬೇಗ ಬಿಟ್ಟರೆ ನೆಲಕ್ಕೆ. ಎರಡೂ ಆಗುತ್ತಿದೆ ಅಂದರೆ ಬಿಡುವ ಜಾಗ ಪ್ರತಿ ಸಲ ಬೇರೆ ಅಂತ ಅರ್ಥ. ಅದಕ್ಕೆ ಎಲ್ಲರೂ ಬೆರಳು, ಮಣಿಕಟ್ಟು ಅಂತ ಹುಡುಕುತ್ತಾರೆ. ನಾನು ಮೊದಲು ನೋಡುವುದು ಮುಂದಿನ ಕಾಲು. ಮಗಳು ಬಲಗೈಯವಳಾದರೆ ಎಡಗಾಲು. ಅದು ನೆಲಕ್ಕೆ ಊರಿದ ಮೇಲೆ ಮಂಡಿ ಕುಸಿದರೆ ಇಡೀ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಜಾರುವ ಮೈಯಿಂದ ಒಂದೇ ಜಾಗದಲ್ಲಿ ಚೆಂಡು ಬಿಡೋದು ದೊಡ್ಡವರಿಗೂ ಆಗಲ್ಲ. ಆ ಕಾಲು ಗಟ್ಟಿಯಾಗಿ ತಡೆದು ನಿಲ್ಲಬೇಕು, ತಲೆ ಸೊಂಟದ ಮೇಲೇ ಇರಬೇಕು ಅಥವಾ ಕೂದಲೆಳೆಯಷ್ಟು ಹಿಂದೆ. ಪಾದ ಪೂರ್ತಿ ಕ್ಯಾಚರ್ ಕಡೆಗೂ ಬೇಡ, ಪೂರ್ತಿ ಅಡ್ಡವೂ ಬೇಡ, ಸುಮಾರು 45 ಡಿಗ್ರಿ ಇರಲಿ.

ಡ್ರೈವ್‌ವೇ ಮೇಲೆ ಸೀಮೆಸುಣ್ಣದಲ್ಲಿ ಪಿಚರ್ ನಿಲ್ಲುವ ಜಾಗದಿಂದ ಪ್ಲೇಟ್ ತನಕ ಒಂದು ಗೆರೆ ಎಳೆಯಿರಿ. ಕಾಲು ಆ ಗೆರೆ ಮೇಲೆ ಅಥವಾ ಅದಕ್ಕೆ ತಾಗಿ ಬೀಳಬೇಕು. ಗೆರೆ ದಾಟಿ ಬಲಕ್ಕೆ ಬಿದ್ದರೆ ಸೊಂಟ ಕೈಗೆ ಅಡ್ಡ ಬರುತ್ತದೆ, ಆಗ ಕೈ ಸುತ್ತಿಕೊಂಡು ಹೋಗಬೇಕಾಗುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ ಒಂದು ವಿಡಿಯೋ ತೆಗೆಯಿರಿ. ಮುಂದಿನ ಕಾಲು ನೆಲ ಮುಟ್ಟಿದ ಕ್ಷಣಕ್ಕೆ ನಿಲ್ಲಿಸಿ ನೋಡಿ. ಚೆಂಡು ಹಿಡಿದ ಕೈ ಹೆಚ್ಚುಕಮ್ಮಿ ನೆತ್ತಿಯ ಮೇಲಿದ್ದರೆ ಸರಿ. ಕೈ ಆಗಲೇ ಕೆಳಗಿಳಿದು ಬಿಟ್ಟಿದ್ದರೆ ಕಾಲಿನ ಬಲ ದಂಡ, ಅವಳು ಬರೀ ತೋಳಿಂದ ಎಸೆಯುತ್ತಿದ್ದಾಳೆ.

ಅದೇ ವಿಡಿಯೋದಲ್ಲಿ ಇನ್ನೊಂದು ನೋಡಿ. ಕೈ ನೆತ್ತಿಯಿಂದ ಹಿಂದಕ್ಕೆ ಇಳಿಯುವಾಗ ಅಂಗೈ ಎತ್ತ ಇದೆ? ಸೆಕೆಂಡ್ ಬೇಸ್ ಕಡೆ, ಅಂದರೆ ಪಿಚರ್ ಬೆನ್ನ ಹಿಂದಕ್ಕೆ, ಅಥವಾ ನೆಲದ ಕಡೆ ತಿರುಗಿದ್ದರೆ ತೊಂದರೆ. ಮೇಲಕ್ಕೆ, ಅಥವಾ ಮೈಯಿಂದ ಆಚೆಗೆ ತಿರುಗಿರಬೇಕು. ಆಮೇಲೆ ಚೆಂಡು ಬಿಡುವ ಮುಂಚೆ, ಮೊಣಕೈ ಕೆಳಗಿನ ಭಾಗ ಸೊಂಟದ ಪಕ್ಕಕ್ಕೆ ಹಗುರವಾಗಿ ಸವರಿಕೊಂಡು ಹೋಗುತ್ತದೆ. ಈ ಸವರುವಿಕೆಯೇ ಇಡೀ ಗುಟ್ಟು. ತೋಳಿನ ಮೇಲ್ಭಾಗ ಅಲ್ಲಿ ನಿಧಾನವಾಗುತ್ತದೆ, ಮುಂಗೈ ಚಾಟಿಯ ತುದಿಯ ಹಾಗೆ ಬೀಸಿಕೊಂಡು ಮುಂದೆ ಹೋಗುತ್ತದೆ, ಬಿಡುವ ಜಾಗವೂ ಪ್ರತಿ ಸಲ ಅದೇ ಆಗುತ್ತದೆ. ಸವರೋದು ಬೇರೆ, ಬಡಿಯೋದು ಬೇರೆ. ಸೊಂಟದ ಹತ್ತಿರ ಕೆಂಪಗೆ ಬರೆ ಬಂದಿದ್ದರೆ ಅವಳು ಸೊಂಟವನ್ನು ತುಂಬಾ ಬೇಗ ಮುಂದಕ್ಕೆ ತಿರುಗಿಸುತ್ತಿದ್ದಾಳೆ ಅಂತ ತಿಳಿಯಿರಿ.

ಹಾಗಾದರೆ ಮೊಣಕೈ ಮೇಲೆತ್ತುವುದು? ಅದಕ್ಕೆ ಇಲ್ಲಿ "ಹಲೋ ಎಲ್ಬೋ" ಅಂತಾರೆ, ಹಳೇ ಪಾಠ, ಈಗಲೂ ಕಲಿಸುವವರಿದ್ದಾರೆ. ಅದನ್ನು ಕಲಿಸುವವರ ಶಿಷ್ಯೆಯರೇ ಮುಂದೆ ಒಳ್ಳೇ ಪಿಚರ್ ಆದಾಗ ಅವರ ವಿಡಿಯೋ ನೋಡಿ, ಪಂದ್ಯದಲ್ಲಿ ಬಹಳ ಜನ ಹಾಗೆ ಎಸೆಯುವುದೇ ಇಲ್ಲ. ಚೆಂಡು ಕೈಬಿಟ್ಟ ಮೇಲೆ ಕೈ ಏನು ಮಾಡಿದರೂ ಚೆಂಡಿಗೆ ಗೊತ್ತಾಗಲ್ಲ, ಅಲ್ವಾ? ಬೇಕಂತಲೇ ಮೇಲೆತ್ತಬೇಕು ಅಂತ ತಲೆಯಲ್ಲಿದ್ದರೆ ಆ ಬಿಗಿ ಚೆಂಡು ಬಿಡುವ ಮೊದಲೇ ತೋಳಿಗೆ ಬಂದಿರುತ್ತದೆ. ಹತ್ತಿರ ನಿಂತು ಬರೀ ಮಣಿಕಟ್ಟು ಚಿಮ್ಮಿಸುವ ಅಭ್ಯಾಸವೂ ನನ್ನ ಲೆಕ್ಕದಲ್ಲಿ ಸುಮ್ನೆ ಟೈಮ್ ಕಳೆಯುವುದು. ಅದರ ಬದಲು ಅವಳನ್ನು ಬಲೆಯ ಮುಂದೆ 10-15 ಅಡಿ ದೂರದಲ್ಲಿ ಅಡ್ಡ ನಿಲ್ಲಿಸಿ, ಕಾಲು ಅಗಲಿಸಿ, ಕೈ ನೆತ್ತಿ ಮೇಲಿಟ್ಟು ಅಲ್ಲಿಂದ ಮಾತ್ರ ಎಸೆಯಲು ಹೇಳಿ. ಪೂರ್ತಿ ಜೋರಾಗಿ. ಎಲ್ಲಿಗೆ ಹೋಯಿತು ಅಂತ ಕೇಳಬೇಡಿ. ವಾರಕ್ಕೆ ಮೂರು ದಿನ, 20 ನಿಮಿಷ ಸಾಕು, ಒಂದು ವಾರಕ್ಕೆ ಒಂದೇ ತಿದ್ದುಪಡಿ. ಬಕೆಟ್ ಮೇಲೆ ಕೂತು ಚೆಂಡು ಹಿಡಿಯುವ ಅಪ್ಪಂದಿರು ಪ್ರತಿ ಎಸೆತಕ್ಕೂ ಒಂದು ಸಲಹೆ ಕೊಡುತ್ತಾರೆ, ಅದೊಂದು ನಿಲ್ಲಿಸಿದರೆ ಅರ್ಧ ಬಿಗಿ ತಾನಾಗಿ ಇಳಿಯುತ್ತದೆ.

ಪ್ರಶ್ನೆ: ನನ್ನ ಮಗಳು ಶನಿವಾರ-ಭಾನುವಾರದ ಟೂರ್ನಮೆಂಟ್ ಮುಗಿಸಿ ಬಂದರೆ ಭುಜದ ಮುಂಭಾಗ ನೋವು ಅಂತಾಳೆ. ಕೆಳಗಿನಿಂದ ಎಸೆಯುವುದರಿಂದ ಭುಜಕ್ಕೆ ಏನೂ ಆಗಲ್ಲ, ಐಸ್ ಇಡಿ ಅಂತ ತಂಡದವರು ಹೇಳುತ್ತಾರೆ. ಹೌದಾ?
(ಒಬ್ಬ ಅಮ್ಮ, ನ್ಯೂಜೆರ್ಸಿ)

ಉತ್ತರ: ಅಲ್ಲ. ಈ ಮಾತು ಎಲ್ಲಿಂದ ಬಂತೋ, ಹೋಗೋದೇ ಇಲ್ಲ. ವಿಂಡ್‌ಮಿಲ್ ಎಸೆತವನ್ನು ಅಳೆದು ನೋಡಿದವರು, ಭುಜವನ್ನು ಕೀಲಿನಿಂದ ಎಳೆಯುವ ಬಲ ಬೇಸ್‌ಬಾಲ್ ಪಿಚರ್‌ಗಳ ಮಟ್ಟಕ್ಕೇ ಇದೆ ಅಂತ ಕಂಡುಕೊಂಡಿದ್ದಾರೆ. ಭುಜದ ಮುಂದೆ ಬೈಸೆಪ್ಸ್ ಸ್ನಾಯುರಜ್ಜು ಹಾದುಹೋಗುತ್ತದೆ, ಪಿಚರ್‌ಗಳಲ್ಲಿ ಮೊದಲು ನೋಯುವ ಜಾಗಗಳಲ್ಲಿ ಅದೂ ಒಂದು. ಬೇಸ್‌ಬಾಲ್ ಹುಡುಗರ ಎಸೆತ ಎಣಿಸುತ್ತಾರೆ. ಹುಡುಗಿಯರನ್ನು ಎರಡು ದಿನದಲ್ಲಿ ನಾಲ್ಕು ಪಂದ್ಯಕ್ಕೆ ನಿಲ್ಲಿಸುತ್ತಾರೆ, ಯಾರೂ ಎಣಿಸಲ್ಲ. ನನಗೆ ಇದರ ಮೇಲೆ ನಿಜಕ್ಕೂ ಸಿಟ್ಟಿದೆ.

ಯಾರಾದರೂ ಯುಕಿಕೊ ಉಎನೊ ಕಥೆ ಹೇಳಿಯೇ ಹೇಳುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎರಡು ದಿನದಲ್ಲಿ 413 ಎಸೆತ ಎಸೆದು, ಫೈನಲ್‌ನಲ್ಲಿ ಅಮೆರಿಕವನ್ನು 3-1ರಿಂದ ಸೋಲಿಸಿದ ಜಪಾನಿನ ಪಿಚರ್. ದೊಡ್ಡ ಸಾಧನೆಯೇ. ಆದರೆ ಆಕೆಗೆ ಆಗ 26 ವರ್ಷ, ಮೂಳೆ ಬೆಳೆದು ಮುಗಿದಿತ್ತು, ಮತ್ತು ಅದು ಒಲಿಂಪಿಕ್ ಚಿನ್ನ. ನಿಮ್ಮದು ಪಾರ್ಕಿನ ಟೂರ್ನಮೆಂಟ್.

ನೋವು ಇರುವಷ್ಟು ದಿನ ಎಸೆತ ಬೇಡ, ಮಕ್ಕಳ ಕ್ರೀಡಾ ಗಾಯ ನೋಡುವ ಡಾಕ್ಟರಿಗೆ ತೋರಿಸಿ. ಐಸ್ ನೋವು ಮರೆಸುತ್ತದೆ ಅಷ್ಟೇ. ವಾಪಸ್ ಬಂದ ಮೇಲೆ ನೀವೇ ಒಂದು ಪುಸ್ತಕ ಹಿಡಿದು ಎಣಿಸಿ, ವಾರ್ಮ್ ಅಪ್ ಎಸೆತಗಳನ್ನೂ ಸೇರಿಸಿ. ಮಕ್ಕಳಿಗೆ ಪಂದ್ಯಕ್ಕೆ 60 ಎಸೆತದ ಸುತ್ತ ನಿಲ್ಲಿಸುವುದು ನನ್ನ ರೂಢಿ, ಸತತ ಮೂರನೇ ದಿನ ಪಿಚಿಂಗ್ ಇಲ್ಲವೇ ಇಲ್ಲ. ವರ್ಷಕ್ಕೆ ಎರಡು ಮೂರು ತಿಂಗಳು ಪೂರ್ತಿ ರಜೆ, ಆಗ ಈಜಲಿ, ಭರತನಾಟ್ಯ ಮಾಡಲಿ, ಏನಾದರೂ. ಕೋಚ್ ಹತ್ತಿರ ಜಗಳ ಬೇಡ, "ಇವತ್ತು ಇಷ್ಟೇ" ಅಂತ ಮೊದಲೇ ಮೆಸೇಜ್ ಹಾಕಿಬಿಡಿ.

ಪ್ರಶ್ನೆ: ನನಗೆ 12 ವರ್ಷ. ರೈಸ್ ಬಾಲ್ ಕಲಿಯಬೇಕು. ಹೇಗೆ?
(ಕನ್ನಡ ಕಲಿಯುತ್ತಿರುವ ಹುಡುಗಿ, ಫ್ರೀಮಾಂಟ್)

ಉತ್ತರ: ಕನ್ನಡದಲ್ಲೇ ಬರೆದಿದ್ದೀಯ, ಭೇಷ್ ಪುಟ್ಟಿ! ಸದ್ಯಕ್ಕೆ ರೈಸ್ ಬಾಲ್, ಅಂದರೆ ಬರುತ್ತಾ ಮೇಲೇಳುವ ಹಾಗೆ ಕಾಣುವ ಎಸೆತ, ಬೇಡ. ಫಾಸ್ಟ್ ಬಾಲ್ ಹೇಳಿದ ಕಡೆ ಹೋಗಲಿ, ಆಮೇಲೆ ಚೇಂಜ್ ಅಪ್ ಕಲಿ. ಅದೇ ತೋಳು, ಅದೇ ವೇಗದ ಸುತ್ತು, ಚೆಂಡು ಮಾತ್ರ ನಿಧಾನ. ನಿನ್ನ ವಯಸ್ಸಿನ ಬ್ಯಾಟರ್‌ಗಳು ಅದಕ್ಕೇ ಜಾಸ್ತಿ ಮೋಸ ಹೋಗುತ್ತಾರೆ.

ಪ್ರಶ್ನೆ: ಮೊಮ್ಮಗಳು ಎಸೆಯುವಾಗ ಬಲಗಾಲನ್ನು ನೆಲದ ಮೇಲೆ ಎಳೆಯುತ್ತಾಳೆ. ಹೊಸ ಶೂ ಒಂದೇ ತಿಂಗಳಲ್ಲಿ ತೂತು. ಕಾಲು ಎತ್ತಿ ಇಡು ಅಂದರೆ ನಗುತ್ತಾಳೆ. ನಾನು ಹೇಳಿದ್ದು ತಪ್ಪೇ?
(ಮೈಸೂರಿನ ಅಜ್ಜಿ, ಸದ್ಯ ಸಿಯಾಟಲ್)

ಉತ್ತರ: ನಿಮ್ಮ ಕಣ್ಣು ಚುರುಕಾಗಿದೆ ಅಮ್ಮ. ಕಾಲು ಎಳೆಯುವುದು ತಪ್ಪಲ್ಲ, ಹಾಗೇ ಬರಬೇಕು. ಹಿಂದಿನ ಕಾಲನ್ನು ಎತ್ತಿ ಇನ್ನೊಂದು ಜಾಗದಲ್ಲಿ ಊರಿ, ಅಲ್ಲಿಂದ ಮತ್ತೆ ತಳ್ಳಿ ಎಸೆದರೆ ಅಂಪೈರ್ ತಪ್ಪು ಕೊಡುತ್ತಾರೆ. ಆದರೆ ತೂತು ಎಲ್ಲಿ ಬಿದ್ದಿದೆ ನೋಡಿ. ಹೆಬ್ಬೆರಳಿನ ತುದಿಯಲ್ಲಿ ಮಾತ್ರ ಆದರೆ ಸರಿ. ಶೂ ಒಳಬದಿ ಪೂರ್ತಿ ಸವೆದಿದ್ದರೆ ಮೈಭಾರ ಆ ಕಾಲ ಮೇಲೇ ಉಳಿದಿದೆ, ಅವಳು ಮುಂದಕ್ಕೆ ಚಿಮ್ಮದೆ ಕಾಲನ್ನು ಹೊತ್ತುಕೊಂಡು ಹೋಗುತ್ತಿದ್ದಾಳೆ. ಅದನ್ನು ಕೋಚ್‌ಗೆ ತೋರಿಸಿ. ಶೂ ತುದಿಗೆ ಹಾಕುವ ಗಟ್ಟಿ ಕವಚ ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಪಿಚರ್‌ದು ಅಂತ ಕೇಳಿ, ಬಲಗಾಲಿಗೆ ಒಂದು ಸಾಕು.