ಟ್ರಂಕಿನ ಲಂಡನ್ ಸ್ಕಾರ್ಫಿಗೆ ವಯಸ್ಸೆಷ್ಟು?

ದಾವಣಗೆರೆಯ ಪಿ.ಜೆ. ಬಡಾವಣೆಯ ಓದುಗರೊಬ್ಬರ ಪತ್ರ: ಅತ್ತೆಯವರ ಟ್ರಂಕಿನಲ್ಲಿ ಲಂಡನ್ನಿನ ಚಿತ್ರಗಳಿರುವ ಸ್ಕಾರ್ಫ್ ಸಿಕ್ಕಿದೆ. ಮಾವನವರು ಸ್ವಾತಂತ್ರ್ಯಕ್ಕೆ ಮುಂಚೆ ಮಿಲ್ಲಿನ ಕೆಲಸದ ಮೇಲೆ ಹೋಗಿದ್ದಾಗ ತಂದದ್ದೆಂದು ಮನೆಯವರ ಮಾತು. ಮೂಲೆಗೆ ಪಿನ್ನು ಚುಚ್ಚಿದ ಚೀಟಿಯಲ್ಲಿ ‘19/11’ ಎಂದಿದೆ, ಅದು ತಾರೀಖೇ? ಬಟ್ಟೆ ರೇಷ್ಮೆಯೇ? ಶಾಯಿ ಕಲೆ ತೆಗೆಯುವುದು ಹೇಗೆ?

ಸಂಪಾದಕರ ಉತ್ತರ:

ಮನೆಯವರಿಗೆ ಬೇಸರವಾಗಬಹುದು, ಆದರೆ ಇದು ಸ್ವಾತಂತ್ರ್ಯಕ್ಕೆ ಮುಂಚಿನದಲ್ಲ. 1964ರಿಂದ 1971ರ ಆರಂಭದ ನಡುವೆ ಅಂಗಡಿಯಲ್ಲಿ ಮಾರಾಟವಾದದ್ದು.

ಇಂಥ ಸ್ಕಾರ್ಫ್ ನೋಡುವಾಗ ಕಣ್ಣು ಮೊದಲು ಹೋಗುವುದು ಬಿಗ್ ಬೆನ್, ಟವರ್ ಬ್ರಿಜ್, ನೆಲ್ಸನ್ ಕಂಬದ ಮೇಲೆ. ಮೂರೂ 19ನೇ ಶತಮಾನದವು, ಇಂದಿಗೂ ನಿಂತಿವೆ. ಕಾಲ ಹೇಳುವುದಕ್ಕೆ ಪ್ರಯೋಜನವಿಲ್ಲ. ಹುಡುಕಬೇಕಾದ್ದು ಚಿತ್ರದಲ್ಲಿರುವ ಅತಿ ಹೊಸ ಕಟ್ಟಡವನ್ನು. ನಿಮ್ಮ ಎರಡನೇ ಫೋಟೊದಲ್ಲಿ, ಎಡ ಅಂಚಿಗೆ ಒತ್ತಿಕೊಂಡು, ಸಣಕಲು ದುಂಡು ಗೋಪುರವೊಂದಿದೆ. ಅದು ಪೋಸ್ಟ್ ಆಫೀಸ್ ಟವರ್. ಕಟ್ಟಲು ಶುರುವಾದದ್ದು 1961ರಲ್ಲಿ, ಪೂರ್ಣ ಎತ್ತರಕ್ಕೆ ಎದ್ದದ್ದು 1964ರಲ್ಲಿ, ಉದ್ಘಾಟನೆ 1965ರ ಅಕ್ಟೋಬರ್ 8ಕ್ಕೆ. ಇಂಥ ಸರಕು ಉದ್ಘಾಟನೆಗೆ ಮುಂಚೆಯೇ ಅಚ್ಚಾಗುವುದುಂಟು. ಅದಕ್ಕೇ 1964 ಎಂದು ಹಿಡಿದಿದ್ದೇವೆ.

ಸ್ಕಾರ್ಫಿನ ಮೇಲೆ ಅಚ್ಚಾಗಿರುವ ಕಿರೀಟವೂ ಇದಕ್ಕೆ ಹೊಂದುತ್ತದೆ. ಮೇಲಿನ ಕಮಾನುಗಳು ನಡುವೆ ತಗ್ಗಿದ್ದರೆ ಅದು ರಾಣಿ ಎರಡನೇ ಎಲಿಜಬೆತ್ ಕಾಲದ ಲಾಂಛನ. ದುಂಡಗೆ ಉಬ್ಬಿದ್ದರೆ ಸಾಮಾನ್ಯವಾಗಿ ಅವರ ತಂದೆ, ತಾತಂದಿರ ಕಾಲದ್ದು. ನಿಮ್ಮದರಲ್ಲಿ ತಗ್ಗಿದೆ, ಅಂದರೆ 1952ರ ಈಚಿನದು. (2022ರ ನಂತರ ಚಾರ್ಲ್ಸ್ ದೊರೆಯ ಲಾಂಛನದಲ್ಲಿ ಉಬ್ಬು ಕಿರೀಟ ಮತ್ತೆ ಬಂದಿದೆ. ಹೊಸ ಸರಕು ಕೊಳ್ಳುವಾಗ ಮೋಸಹೋಗಬೇಡಿ.)

ಇನ್ನು ‘19/11’. ಅದು ತಾರೀಖಲ್ಲ, ಬೆಲೆ: 19 ಶಿಲ್ಲಿಂಗ್ 11 ಪೆನ್ಸ್. ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್. ಹಾಗಾಗಿ ಒಂದು ಪೌಂಡಿಗೆ ಒಂದೇ ಪೆನ್ನಿ ಕಡಿಮೆ. ನಮ್ಮ ಬಾಟಾ ಬೆಲೆಯ ಲೆಕ್ಕವೇ! 1971ರ ಫೆಬ್ರವರಿ 15ಕ್ಕೆ ಬ್ರಿಟನ್ ದಶಮಾಂಶ ನಾಣ್ಯಕ್ಕೆ ಬಂದಮೇಲೆ ಹೀಗೆ ಬರೆಯುವುದು ನಿಂತಿತು. ಆ ಚೀಟಿಯನ್ನು ಎಸೆಯಬೇಡಿ, ತುಕ್ಕು ಹಿಡಿಯುವ ಪಿನ್ನನ್ನು ಮಾತ್ರ ತೆಗೆಯಿರಿ.

ಚಿತ್ರದಲ್ಲಿ ಇಲ್ಲದ್ದರಿಂದ ಕಾಲ ಕಟ್ಟುವುದು ಅಪಾಯ. ಕಲಾವಿದರು ಹಳೆಯ ಪೋಸ್ಟ್‌ಕಾರ್ಡ್ ನೋಡಿ ಬರೆಯುತ್ತಿದ್ದರು, ಹಳೆಯ ಅಚ್ಚನ್ನೇ ವರ್ಷಗಟ್ಟಲೆ ಓಡಿಸುವುದೂ ಇತ್ತು. ಬಣ್ಣವನ್ನೂ ನಂಬಬೇಡಿ: ಟವರ್ ಬ್ರಿಜ್‌ಗೆ ಕೆಂಪು, ಬಿಳಿ, ನೀಲಿ ಬಳಿದದ್ದು 1977ರಲ್ಲಿ, ಆದರೆ ಸ್ಕಾರ್ಫಿನ ಮೇಲೆ ಅದು ಯಾವ ಬಣ್ಣಕ್ಕಾದರೂ ತಿರುಗೀತು. ಅಕ್ಷರ ವಾಸಿ. ನಮ್ಮಲ್ಲೇ ನೋಡಿ, ಹಳೆಯ ಕೈಚೀಲದ ಮೇಲೆ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ, ಮೈಸೂರು ರಾಜ್ಯ’ ಎಂದಿದ್ದರೆ ಅದು 1973ಕ್ಕೆ ಮುಂಚಿನದು. ‘ದಾವಣಗೆರೆ ಜಿಲ್ಲೆ’ ಎಂದಿದ್ದರೆ 1997ರ ನಂತರದ್ದು.

ರೇಷ್ಮೆಯೋ ಅಲ್ಲವೋ ಫೋಟೊದಲ್ಲಿ ತಿಳಿಯದು. ಅಂಚಿನ ಮಡಿಕೆಯೊಳಗಿಂದ ಎರಡು ಮೂರು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟಂತಾದರೆ ರೇಯಾನ್. ವಿನೆಗರ್‌ನಂಥ ಹುಳಿ ವಾಸನೆ ಬಂದು ಗಟ್ಟಿ ಮಣಿ ಉಳಿದರೆ ಅಸಿಟೇಟ್. ಹುಳಿ ವಾಸನೆಯಿಲ್ಲದೆ ಕರಗಿ ಮಣಿಯಾದರೆ ನೈಲಾನ್ ಅಥವಾ ಪಾಲಿಯೆಸ್ಟರ್.

ಕಲೆಗೆ ಕೈ ಹಾಕುವ ಮುನ್ನ ಈ ಪರೀಕ್ಷೆ ಆಗಲೇಬೇಕು. ಶಾಯಿಗೆ ಉಗುರುಬಣ್ಣ ತೆಗೆಯುವ ದ್ರವ ಹಚ್ಚುವವರಿದ್ದಾರೆ. ಅದರಲ್ಲಿ ಅಸಿಟೋನ್ ಇದ್ದು ಬಟ್ಟೆ ಅಸಿಟೇಟ್ ಆಗಿದ್ದರೆ, ಕಲೆ ಇದ್ದ ಜಾಗವೇ ಕರಗಿ ತೂತು ಬೀಳುತ್ತದೆ. ಒದ್ದೆ ಬಿಳಿ ಹತ್ತಿಬಟ್ಟೆಯನ್ನು ಮೂಲೆಯ ಮೇಲೆ ಒಂದು ನಿಮಿಷ ಒತ್ತಿ ನೋಡಿ. ಬಣ್ಣ ಹತ್ತಿತೋ, ನೀರನ್ನೂ ಸೋಕಿಸಬೇಡಿ, ಕಲೆ ಇದ್ದಂತೆಯೇ ಇರಲಿ. ಒಗೆದು ಗಂಜಿ ಬಿಟ್ಟ ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರು, ಪತ್ರಿಕೆಯ ಹಾಳೆ ಬೇಡ. ನುಸಿಗುಳಿಗೆ ಬಟ್ಟೆಗೆ ತಾಗದಿರಲಿ. ಆರು ತಿಂಗಳಿಗೊಮ್ಮೆ ಮಡಿಕೆಯ ಗೆರೆ ಬದಲಿಸಿ.

ಮಾವನವರ ಹಳೆಯ ಪಾಸ್‌ಪೋರ್ಟ್ ಸಿಕ್ಕರೆ 1964ರಿಂದ ಮುಂದಿನ ಮುದ್ರೆಗಳನ್ನು ನೋಡಿ. ಅವರು ಎರಡನೇ ಸಲ ಹೋಗಿದ್ದಿರಬಹುದು.