ಮಹಿಳಾ ಅಧ್ಯಯನದ ಕಾರ್ಯಕ್ರಮಕ್ಕೆ ಊರಿನ ಹೆಂಗಸರು ಏಕೆ ಬರುವುದಿಲ್ಲ?

ನೀವು ಕೇಳಿದ್ದು ಇಷ್ಟು: ‘ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗಕ್ಕೆ ಹೊಸದಾಗಿ ಸೇರಿದ್ದೇನೆ. ಕಾರವಾರ, ಶಿರಸಿ ಭಾಗದಲ್ಲಿ ಸಾರ್ವಜನಿಕ ಕಾರ್ಯಕ್ರಮಗಳನ್ನು ಮಾಡುವ ಹೊಣೆ ನನ್ನದು. ಸಭಾಂಗಣ ತುಂಬುವುದು ತರಗತಿಯಿಂದ ಎಬ್ಬಿಸಿ ಕರೆತಂದ ವಿದ್ಯಾರ್ಥಿನಿಯರಿಂದ ಮಾತ್ರ. ಊರಿನ ಮಹಿಳೆಯರು ಬರಬೇಕಾದರೆ ಏನು ಮಾಡಬೇಕು?’

ಆಮಂತ್ರಣ ಪತ್ರಿಕೆಯ ಮೇಲಿನ ಸಮಯವನ್ನು ಒಮ್ಮೆ ನೋಡಿ. ಬೆಳಿಗ್ಗೆ 10.30 ಎಂದಿದ್ದರೆ ಉತ್ತರದ ಅರ್ಧ ಭಾಗ ಅಲ್ಲಿಯೇ ಸಿಕ್ಕಿತು.

ನಾನು ಕರಾವಳಿಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಾ ಮಹಿಳಾ ಘಟಕದ ಕೆಲಸವನ್ನೂ ಬಹಳ ವರ್ಷ ನೋಡಿಕೊಂಡೆ. ಮೊದಲು ಮಾಡಿದ ದೊಡ್ಡ ವಿಚಾರ ಸಂಕಿರಣದ ವಿಷಯವೇ ಮೀನು ಮಾರುವ ಮಹಿಳೆಯರ ಬದುಕು. ಬ್ಯಾನರು, ದೀಪ, ಶಾಲು, ದೂರದಿಂದ ಬಂದ ಉಪನ್ಯಾಸಕರು ಎಲ್ಲವೂ ಇದ್ದವು. ಮೀನು ಮಾರುವವರು ಒಬ್ಬರೂ ಇರಲಿಲ್ಲ. ನಸುಕಿನಲ್ಲಿ ಬಂದರಿಗೆ ಹೋಗಿ ಹರಾಜಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಪೇಟೆಗೋ ಮನೆಮನೆಗೋ ಹೊರಟವರಿಗೆ ಹನ್ನೊಂದು ಗಂಟೆಯೆಂದರೆ ಮೀನು ಕೆಡುವ ಮೊದಲು ಮಾರಿ ಮುಗಿಸಬೇಕಾದ ಹೊತ್ತು. ಅಂದು ಮಧ್ಯಾಹ್ನ ಗೇಟಿನ ಎದುರು ಖಾಲಿ ಬುಟ್ಟಿ ಹಿಡಿದು ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಬ್ಯಾನರಿನ ಚಿತ್ರವನ್ನು ನೋಡಿ, ‘ಇದು ನಮ್ಮ ಮೀನುಪೇಟೆಯಲ್ಲವೇ ಅಕ್ಕೋರೇ? ಒಳಗೆ ಏನು ನಡೆಯುತ್ತಿದೆ?’ ಎಂದು ಕೇಳಿದರು. ನಾನು ವಂದನಾರ್ಪಣೆಗೆ ಒಳಗೆ ಓಡಬೇಕಿತ್ತು. ಓಡಿದೆ.

ಮರುವರ್ಷ ಜಾಣತನ ಮಾಡಿದೆವು ಎಂದುಕೊಂಡೆವು. ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಎಲ್ಲರಿಗೂ ಬಿಡುವಿರುತ್ತದೆ ಎಂದು ಲೆಕ್ಕ ಹಾಕಿದೆವು. ಬಿಡುವು ಇದ್ದದ್ದು ದೋಣಿಗಳಿಗೆ. ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಮೀನನ್ನು ಹೆಂಗಸರು ಮಾರುವುದು ಆ ಮಳೆಯಲ್ಲೇ. ಮೀನುಗಾರಿಕೆ ಎಂದರೆ ದೋಣಿ, ದೋಣಿ ಎಂದರೆ ಗಂಡಸು ಎಂಬ ಲೆಕ್ಕ ನಮ್ಮ ತಲೆಯಲ್ಲೂ ಕುಳಿತಿತ್ತು, ಅದೂ ಮಹಿಳಾ ಘಟಕದವರ ತಲೆಯಲ್ಲಿ!

ಕೊನೆಗೆ ನಾವೇ ಮೀನುಪೇಟೆಗೆ ಹೋದೆವು. ಮಧ್ಯಾಹ್ನ ಮೂರು ಗಂಟೆ, ಪೇಟೆ ತೊಳೆದಾದ ಮೇಲೆ, ಮೈಕ್ ಇಲ್ಲ, ಅಧ್ಯಕ್ಷರಿಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಬಗ್ಗೆ ಹೇಳಲು ತಯಾರಾಗಿ ಹೋಗಿದ್ದೆವು. ಅವರು ತೆಗೆದದ್ದು ಶೌಚಾಲಯದ ಮಾತು. ಮುಂಜಾವಿನಿಂದ ಮಧ್ಯಾಹ್ನದವರೆಗೆ ನೀರನ್ನೇ ಕುಡಿಯದೆ ಕೂರುತ್ತೇವೆ ಎಂದರು. ಅರ್ಧ ಗಂಟೆ ಅದೇ ನಡೆಯಿತು. ನಮ್ಮ ಟಿಪ್ಪಣಿಗಳು ಚೀಲದಲ್ಲೇ ಇದ್ದವು. ಆಮೇಲೆ ಒಬ್ಬರು, ಕುಡಿದು ಬಂದು ಕೈ ಹಿಡಿದೆಳೆಯುವವನ ಬಗ್ಗೆ ಯಾರಿಗೆ ಹೇಳಬೇಕು, ನಮಗೆ ಮಾಲೀಕನೇ ಇಲ್ಲವಲ್ಲ ಎಂದು ಕೇಳಿದರು. ಕಾಯ್ದೆ ಆಗ ಕೆಲಸಕ್ಕೆ ಬಂತು. ಅಸಂಘಟಿತ ವಲಯವೂ ಅದರ ವ್ಯಾಪ್ತಿಯಲ್ಲಿದೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವಲ್ಲಿನ ದೂರುಗಳಿಗೆಂದು ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು, ಬರೆಯಲು ಬಾರದವರಿಗೆ ಬರೆದುಕೊಡುವುದು ಸಮಿತಿಯ ಕರ್ತವ್ಯ. ಇದನ್ನೆಲ್ಲ ಕೊಂಕಣಿಯಲ್ಲಿ ಹೇಳಿದವಳು ನಮ್ಮ ಎರಡನೇ ವರ್ಷದ ಬಿ.ಎ. ವಿದ್ಯಾರ್ಥಿನಿ. ಕಾರವಾರದ ಕಡೆ ಹೋಗುವುದಾದರೆ ಕೊಂಕಣಿ ಬಲ್ಲವರಿಲ್ಲದೆ ಹೋಗಬೇಡಿ. ಪುಸ್ತಕದ ಕನ್ನಡ ಅಲ್ಲಿ ಸಭಾಂಗಣದ ಇನ್ನೊಂದು ಗೋಡೆಯಾಗುತ್ತದೆ.

ಘಟ್ಟದ ಮೇಲಿನ ಪಂಚಾಂಗವೇ ಬೇರೆ. ನವೆಂಬರಿನಿಂದ ಅಡಿಕೆ ಗೊನೆಯ ಕೊಯ್ಲು ಶುರುವಾದರೆ ಶಿರಸಿ, ಸಿದ್ದಾಪುರದ ಮನೆಗಳಲ್ಲಿ ರಾತ್ರಿ ಹೊತ್ತಿನವರೆಗೂ ಅಡಿಕೆ ಸುಲಿಯುವ ಕೆಲಸ. ಆ ದಿನಗಳಲ್ಲಿ ಪೇಟೆಯ ಸಭೆಗೆ ಕರೆದರೆ ಯಾರು ಬರುತ್ತಾರೆ? ಒಬ್ಬ ಗೆಳತಿಯ ಮನೆಯಂಗಳದಲ್ಲೇ ಕುಳಿತೆವು. ನಮ್ಮೊಂದಿಗೆ ಬಂದ ವಕೀಲೆ ತಾನೂ ಅಡಿಕೆ ಸುಲಿಯುವ ಒಂದು ಮೆಟ್ಟುಗತ್ತಿ ಹಾಕಿಕೊಂಡು ಕೂತರು. ಸುಲಿದದ್ದು ಅಷ್ಟಕ್ಕಷ್ಟೇ, ಆದರೆ ಮಾತು ಸಲೀಸಾಯಿತು. ವಿಷಯ ಪಿತ್ರಾರ್ಜಿತ ಆಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹುಟ್ಟಿನಿಂದಲೇ ಹಕ್ಕು, ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು, 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಇಲ್ಲವೇ ಕೋರ್ಟ್ ಡಿಕ್ರಿಯಿಂದಾದ ವಾಟ್ನಿಯನ್ನು, ಅಂದರೆ ಆಸ್ತಿಯ ಪಾಲನ್ನು, ಕೆದಕಲಾಗದು ಎಂದು ಅವರು ಬಿಡಿಸಿ ಹೇಳಿದರು. ಕಾನೂನು ಯಾರಿಗೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಣ್ಣ ತಂದಿಟ್ಟ ಹಕ್ಕುಬಿಡುಗಡೆ ಪತ್ರ. ಐವತ್ತು ದಾಟಿದ ಒಬ್ಬರು, ‘ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ, ಹಾಕಿದರೆ ಬಾಗಿನಕ್ಕೆ ಕರೆಯುತ್ತಾರೆ’ ಎಂದರು. ಕೆಲವರು ನಕ್ಕರು. ಅವರು ನಗಲಿಲ್ಲ.

ಅದೇ ಅಂಗಳದ ಇನ್ನೊಂದು ಮೂಲೆಯಲ್ಲಿ ಕೂಲಿಗೆ ಸುಲಿಯಲು ಬಂದವರಿದ್ದರು. ಅವರಲ್ಲೊಬ್ಬಳು, ‘ಬಿಟ್ಟುಕೊಡಲು ನಮಗೆ ಯಾವ ತೋಟ ಇದೆ?’ ಎಂದು ತಲೆ ಎತ್ತದೆಯೇ ಕೇಳಿದಳು. ವಕೀಲೆಯೂ ನಾನೂ ಮುಖ ಮುಖ ನೋಡಿಕೊಂಡೆವು. ‘ಮಹಿಳೆಯರಿಗಾಗಿ’ ಎಂದು ಬರೆದುಕೊಂಡು ಹೋಗಿದ್ದ ನಾವು ಯಾವ ಮಹಿಳೆಯರು ಎಂದು ಯೋಚಿಸಿರಲಿಲ್ಲ. ಅವಳ ಕುಟುಂಬ ಅರಣ್ಯ ಅತಿಕ್ರಮಣದ ಜಾಗದಲ್ಲಿತ್ತು, ಅರ್ಜಿ ಗಂಡನ ಕೈಯಲ್ಲಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಮದುವೆಯಾದವರಿಗೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಬರಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ನಮ್ಮ ಮುಂದಿನ ಕಾರ್ಯಕ್ರಮ ಅವಳ ಕೇರಿಯಲ್ಲಿ, ಅದೊಂದೇ ವಿಷಯದ ಮೇಲೆ ನಡೆಯಿತು. ಬಂದವರು ಹದಿನಾಲ್ಕು ಜನ. ನಾನು ಮಾಡಿದವುಗಳಲ್ಲಿ ನನಗೆ ಸಮಾಧಾನ ಕೊಟ್ಟದ್ದು ಅದು.

ಒಂದು ಸಂಗತಿ ಮಾತ್ರ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಹಾಲಕ್ಕಿ ಸಮುದಾಯದ ಅಜ್ಜಿಯರನ್ನು ಉದ್ಘಾಟನೆಗೆ ಕರೆದು, ಐದು ನಿಮಿಷ ಹಾಡಿಸಿ, ಶಾಲು ಹೊದೆಸಿ ಕಳಿಸುವ ಪದ್ಧತಿಯನ್ನು ನೀವು ಮುಂದುವರಿಸಬೇಡಿ. ಪದ್ಮಶ್ರೀ ಪಡೆದ ಅಂಕೋಲಾದ ಸುಕ್ರಿ ಬೊಮ್ಮಗೌಡ ಹಾಡುಗಾರ್ತಿ ಮಾತ್ರ ಆಗಿರಲಿಲ್ಲ, ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿ ನಿಲ್ಲಿಸಿದವರು. ಅಂಥ ಅನುಭವ ಇರುವವರನ್ನು ಕರೆದರೆ ಗೋಷ್ಠಿಯ ನಡುಮಧ್ಯದ ಹೊತ್ತನ್ನು ಕೊಡಿ. ಹಾಡನ್ನು ಧ್ವನಿಮುದ್ರಿಸುವ ಮೊದಲು ಒಪ್ಪಿಗೆ ಕೇಳಿ. ಪ್ರಾಧ್ಯಾಪಕರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಿ. ಒಂದು ದಿನದ ದುಡಿಮೆ ಬಿಟ್ಟು ಬಂದಿರುತ್ತಾರೆ.

ಇನ್ನುಳಿದದ್ದು ಓಡಾಟದ ಲೆಕ್ಕ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಬಸ್ಸಿನ ಖರ್ಚು ಈಗ ನೆಪವಲ್ಲ. ಆದರೆ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ತಿಳಿದುಕೊಂಡೇ ಸಮಯ ಇಡಿ. ಮಕ್ಕಳನ್ನು ಕರೆತರಬಹುದು ಎಂದು ಆಮಂತ್ರಣದಲ್ಲೇ ಬರೆಯಿರಿ. ವಿಶ್ವವಿದ್ಯಾಲಯಕ್ಕೆ ಫೋಟೋ, ಹಾಜರಿ ಪಟ್ಟಿ ಬೇಕು ಎಂಬುದು ನನಗೂ ಗೊತ್ತು. ಮಾರ್ಚ್ 8ರ ಸಭಾಂಗಣದ ಕಾರ್ಯಕ್ರಮವನ್ನು ಅದಕ್ಕಾಗಿ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಆದರೆ ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ ಇರುವ ವರ್ಷ ಆ ದಿನವನ್ನೂ ಒಮ್ಮೆ ಯೋಚಿಸಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅದು, ಹೆಚ್ಚುಕಡಿಮೆ ಅದೇ ಸುಮಾರಿಗೆ ಬೀಳುತ್ತದೆ. ಮನೆ ತುಂಬ ನೆಂಟರಿರುವಾಗ ಮಹಿಳಾ ದಿನಕ್ಕೆ ಬನ್ನಿ ಎಂದು ಕರೆದು ನಾನೊಮ್ಮೆ ಬೈಸಿಕೊಂಡಿದ್ದೇನೆ.