ಮಂಡಕ್ಕಿ ಬಾಯಿಗಿಟ್ಟರೆ ಮರಳಿನ ಹಾಗಾಗುತ್ತೆ ಅಂತಾರೆ

ಪ್ರಶ್ನೆ: ಅಪ್ಪಾಜಿಗೆ ಗಂಟಲು ಕ್ಯಾನ್ಸರ್ ಇತ್ತು. ರೇಡಿಯೇಷನ್ ಮುಗಿದು 3 ತಿಂಗಳಾಯ್ತು. ದಿನಾ ಸಂಜೆ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದವರು ಈಗ ತಟ್ಟೆ ಪಕ್ಕಕ್ಕೆ ಸರಿಸಿಬಿಡ್ತಾರೆ. ಬಾಯಿ ಒಣಗುತ್ತೆ, ರುಚಿಯೇ ಇಲ್ಲ ಅಂತಾರೆ. ಏನು ಕೊಡಲಿ ಮೇಡಂ?
– ಓದುಗರು, ದಾವಣಗೆರೆ

ಉತ್ತರ: ಅವರು ಹಟ ಮಾಡ್ತಿಲ್ಲಮ್ಮ, ಬೈಯಬೇಡಿ. ರೇಡಿಯೇಷನ್‌ನಿಂದ ಜೊಲ್ಲು ಕಡಿಮೆಯಾಗುತ್ತೆ. ಜೊಲ್ಲಿಲ್ಲದ ಬಾಯಿಗೆ ಮಂಡಕ್ಕಿ ನಿಜಕ್ಕೂ ಮರಳೇ. ರುಚಿ ತಿಂಗಳುಗಳಲ್ಲಿ ನಿಧಾನಕ್ಕೆ ಮರಳುತ್ತೆ, ಬಾಯಿ ಒಣಗೋದು ಮಾತ್ರ ಇನ್ನೂ ಜಾಸ್ತಿ ದಿನ ಇರಬಹುದು.

ಸದ್ಯಕ್ಕೆ ಮುದ್ದೆ ಬೇಡ, ಅಂಟಿಕೊಳ್ಳುತ್ತೆ. ಅದೇ ರಾಗಿಯನ್ನು ಅಂಬಲಿ ಮಾಡಿ, ಮಜ್ಜಿಗೆ ಬೆರೆಸಿ ಕೊಡಿ. ಅನ್ನ, ಬೇಳೆ ಮೆತ್ತಗೆ ಬೇಯಿಸಿ ತುಪ್ಪ ಹಾಕಿ ಕಿವುಚಿ. ಬೆಣ್ಣೆ ದೋಸೆ ಆಸೆಯಾದರೆ ಗರಿ ಅಂಚು ಬಿಟ್ಟು, ನಡುವಿನ ಮೆತ್ತನೆ ಭಾಗವನ್ನು ಖಾರ ಇಲ್ಲದ ಆಲೂಗಡ್ಡೆ ಪಲ್ಯದ ಜೊತೆ ಕೊಡಿ, ಚಟ್ನಿ ಬೇಡ. ಮೂರು ಹೊತ್ತಿನ ಊಟವನ್ನು ಆರು ಸಲ ಮಾಡಿ, ಮಧ್ಯೆ ಗುಟುಕು ಗುಟುಕು ನೀರು ಕುಡಿಯಲಿ. ಊಟದ ಮುಂಚೆ ಒಂದು ಲೋಟ ಬೆಚ್ಚನೆ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದರೆ ಹಿತವಾಗುತ್ತೆ.

ಒಂದು ಮಾತು ಮರೀಬೇಡಿ. ಹಲ್ಲು ನೋವು ಅಂತ ಸುಮ್ನೆ ಎಲ್ಲೋ ಹೋಗಿ ಕೀಳಿಸಬೇಡಿ, ರೇಡಿಯೇಷನ್ ಆದ ದವಡೆಯ ಗಾಯ ಬೇಗ ಮಾಯುವುದಿಲ್ಲ, ಮೊದಲು ಕ್ಯಾನ್ಸರ್ ಡಾಕ್ಟರಿಗೆ ಹೇಳಿ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ತೂಕ ಇಳೀತಾನೇ ಇದ್ದರೆ, ಅಥವಾ ನೀರು ಕುಡಿದಾಗಲೂ ಕೆಮ್ಮು ಬಂದರೆ ಮುಂದಿನ ತಪಾಸಣೆಗೆ ಕಾಯದೆ ತಕ್ಷಣ ಕರ್ಕೊಂಡು ಹೋಗಿ.